ತೂಕದ ಮ್ಯಾಲ

ಮಷೀನ ಮಾರಾಕ ಹೋದಾಕಿ ನಾನ.
ಇಂಡಿ ಪಂಪಿನ ಹಿಂದ, ದಾವಲಸಾಬನ ಗುಜರಿ ಅಂಗಡಿಗೆ,
ತಳ್ಳೋ ಗಾಡಿ ಮ್ಯಾಲ ಮಲಗಿಸಿ
ಹಳೇ ಸೀರಿ ಹೊಚ್ಚಿ
ದವಾಖಾನಿಗೆ ಒಯ್ದಂಗ.

ಇಪ್ಪತ್ತೊಂಬತ್ತು ವರ್ಷ ಜಂಪರ ಹೊಲಿದ ಮಷೀನ.
ತಲಿ ಕೆಟ್ಟಿತ್ತು. ಸೂಜಿ ಇಳದ್ರ ಏರೂದಿಲ್ಲ,
ಏರಿದ್ರ ದಾರ ಕಡಿತೈತಿ.

ತಕ್ಕಡಿಗೆ ಹಾಕಿದ. ಮೂವತ್ತೊಂದು ಕಿಲೋ.
ರೊಕ್ಕ ಎಣಿಸಿ ಕೊಟ್ಟ.
ಆಮ್ಯಾಲ ಕುಕ್ಕರಗಾಲಿಲೆ ಕುಂತು
ಪೆಡಲ ಮ್ಯಾಲ ಅಂಗೈ ಇಟ್ಟು ಒಂದ ಸಲ ಒತ್ತಿದ.
ಗಾಲಿ ತಿರುಗಿತು, ಸದ್ದಿಲ್ಲದ.
"ಅಕ್ಕಾರ, ತಲಿ ಹೋಗೇತಿ ಖರೆ,
ಕಾಲ ಇನ್ನಾ ಗಟ್ಟಿ ಅದಾವ."
ನನಗ ನನ್ನ ಬಗ್ಗೆನ ಅಂದಂಗಾತು.

ಒಳಗ ಕರದ. ಪತ್ರಾಸಿನ ಕೆಳಗ, ಅರಗತ್ತಲದಾಗ
ಏನೇನೋ ನಿಂತಿದ್ದವು.
ಮುರದ ಛತ್ರಿ ಕಡ್ಡಿ ಕಾಗಿ:
ಹಗ್ಗ ಜಗ್ಗಿದ್ರ ರೆಕ್ಕಿ ಬಿಚ್ಚತೈತಿ,
ಮುಚ್ಚೂದು ಅದರ ಮನಸಿಗೆ ಬಿಟ್ಟದ್ದು.
ಪಂಪ ಹೊಡಿಯೋ ಸ್ಟೋವು ರಾಜಾ.
ಹಳೇ ಎಣ್ಣಿ ವಾಸನಿ ಹೋಗಿಲ್ಲ, ಅದಕ್ಕ ಸಿಟ್ಟು ಬಾಳ.
ಮಂತ್ರಿ ಒಂದು ಕೆಟ್ಟ ತಕ್ಕಡಿ,
ರಾಜಾ ಕುಂತ ಕಡೇನ ವಾಲತೈತಿ.
ಸೈಕಲ್ ಚೈನು ಹೊಳಿ. ಆಚಿ ದಂಡಿ ಮ್ಯಾಲ
ಪೆನ್ನಿನ ಸ್ಪ್ರಿಂಗಿಗೆ ಸಿಗಿಸಿದ ಸೋಡಾ ಮುಚ್ಚಳ,
ನಾಕ್ವತ್ತೋ ಐವತ್ತೋ, ಮುಟ್ಟಿದ್ರ ನಡಗತಾವ.
"ಅವರು ಪ್ರಜಾ."

"ಯಾರ ಕಲಿಸಿದ್ರೋ ದಾವಲಣ್ಣಾ?"
"ಯಾರ ಕಲಸ್ತಾರ? ಮಳಿಗಾಲದಾಗ ಮಾಲ ಬರೂದಿಲ್ಲ.
ಕೈ ತುರಸ್ತಾವ, ಅಷ್ಟ.
ಈಗ ಎಲ್ಲಾ ಐತ್ರಿ, ತಿರುಗಸಾಕ ಯಾರೂ ಇಲ್ಲ.
ನನ್ನ ಮಣಕಾಲ ಕೇಳೂದಿಲ್ಲ. ನೀವ ತುಳೀರಿ."

ತುಳದೆ.
ಸೆರಗಿನ ಅಂಚಿಗೆ ಓಡೋ ಗತಿ,
ಕಂಕಳ ತಿರುವಿಗೆ ಹೊಯ್ದಾಡೋ ಗತಿ,
ಗುಂಡಿಮನಿಗೆ ನಿಂತು ನಿಂತು.
ನನ್ನ ಪಾದಕ್ಕ ಗೊತ್ತಿದ್ದದ್ದು ಇಷ್ಟ.
ಕಂಕಳ ತಿರುವಿನ ಗತಿಯೊಳಗ ಕಾಗಿ ಹಾರಿತು.
ಗುಂಡಿಮನಿ ಗತಿಯೊಳಗ ರಾಜಾ ಕೆಮ್ಮಿದ.

ಶನಿವಾರ, ವರ್ಕಶಾಪಿನ ಭೋಂಗಾ ಆದ ಮ್ಯಾಲ
ಗಿರಣಿಚಾಳಿನ ಗ್ವಾಡಿಗೆ ನನ್ನ ಸೀರಿ ಪರದೆ,
ಸ್ಕೂಟರಿನ ಕಣ್ಣು ದೀಪ.
ಗೋಣಿಚೀಲದ ಮ್ಯಾಲ ಹುಡುಗೂರು, ಹಿಂದ ಅವರವ್ವಂದಿರು,
ಕೈಯಾಗ ಸೊಪ್ಪು, ಸೋಸಕೋತ.

ರಾಜಾ ಡಂಗುರ ಹೊಡಸಿದ:
"ಮುರದದ್ದೆಲ್ಲಾ ಊರ ಬಿಡ್ರಿ!"
ಹಿಡಿಕಿ ಇಲ್ಲದ ಸೌಟು ಹೋತು. ಕಿವಿ ಇಲ್ಲದ ಬೋಗುಣಿ ಹೋತು.
ಮುಚ್ಚಳಗೋಳು ಒಂದೊಂದ ಹೊಳಿ ಮ್ಯಾಲ ತೇಲಿದವು.
ಕಡೀಕ ಸ್ಟೋವಿನ ಪಿನ್ನೂ ಹೋತು, ಸೊಟ್ಟಾದದ್ದು.
ರಾಜಾನ ಗಂಟಲ ಕಟ್ಟಿತು. ಪಿನ್ನ ಎಲ್ಲಿ, ಪಿನ್ನ ಎಲ್ಲಿ
ಅನ್ನೂದರಾಗ

ಪಟ್ಟಿ ಹರಿತು.

ನನ್ನ ಕಾಲ ತುಳೀತಾವ, ಯಾವದೂ ತಿರುಗೂದಿಲ್ಲ.
ದಾವಲಸಾಬ ಪರದೆ ಹಿಂದ ಅಲ್ಲಾನ್ನ ನೆನದ.
ಒಬ್ಬ ಹುಡುಗ ಸೀಟಿ ಹೊಡದ.
ಆಗ ಮಾಬುಬಿಯ ಮಮ್ಮಗಳು, ನಾಕನೇತ್ತೆ,
ಎದ್ದು ಬಂದ್ಲು. ಜಡಿ ಬಿಚ್ಚಿ
ಸಾಲಿಯ ಕೆಂಪ ರಿಬ್ಬನ್ ಜಗ್ಗಿ
ಗಾಲಿಯಿಂದ ಗಾಲಿಗೆ ಸುತ್ತಿ ಗಂಟ ಹಾಕಿದ್ಲು.
ಅವಸರದಾಗ ಅದು ಕತ್ತರಿಯಂಗ ಅಡ್ಡ ಬಿದ್ದದ್ದು
ಅಕಿಗೂ ತಿಳೀಲಿಲ್ಲ, ನನಗೂ.

ತುಳದೆ. ಹೊಳಿ ಹಿಂದಕ್ಕ ಹರಿತು.

ಹೋದ ಮುಚ್ಚಳ ತಿರುಗಿ ಬಂದವು, ನಡಗಕೋತ.
ಬೋಗುಣಿ ಬಂತು, ಸೌಟು ಬಂತು,
ಸೊಟ್ಟ ಪಿನ್ನು ಎಲ್ಲಾರಕಿಂತ ಮೊದಲ ಬಂತು.
ದಾವಲಸಾಬ ಕತಿ ಮರತ ನಿಂತ.
ಹುಡುಗೂರ ಹೇಳಿದ್ರು ಉಳದದ್ದು,
ಒಬ್ಬೊಬ್ಬರದು ಒಂದೊಂದು, ಎಲ್ಲಾರೂ ಒಮ್ಮೆಲೆ,
ರಾಜಾ ಏನಾದ ಅನ್ನೂದು ಇವತ್ತಿಗೂ ಬಗೀಹರದಿಲ್ಲ.
ಸೊಪ್ಪು ಕೈಯಾಗ ಹಂಗ ಉಳೀತು.

ಸೋಮವಾರ ಗುಜರಿ ಬಾಗಲಕ್ಕ ಹೆಂಗಸರ ಗದ್ದಲ.
"ನಮ್ಮ ಕುಕ್ಕರಿನ ಸೀಟಿ ಎಲ್ಲಿ?"
"ಅದು ಪೊಲೀಸ ಆಗೇತ್ರಿ.
ಆಟ ಮುಗದ ಮ್ಯಾಲ ಒಯ್ರಿ."

ಸಂಜೀಕ ಕಮರಿಪ್ಯಾಟಿಯಿಂದ ಒಬ್ಬಾಕಿ ಬಂದ್ಲು,
ಮದುವಿ ಐತಿ, ಹದಿನಾಕು ಜಂಪರ,
ಬಾಡಿಗಿ ಮಷೀನ ತಂದಾದ್ರೂ ಹೊಲದ ಕೊಡ ಅಂತ.
ಕೈ ಖಾಲಿ ಅದಾವವ್ವಾ, ಅಂದೆ,
ಕಾಲ ಖಾಲಿ ಇಲ್ಲ.